ಅತ್ತೆಯ ಮುದ್ದೆಗೆ ತುಪ್ಪ

ಶ್ಯಾಮಲ ತನ್ನ ಅತ್ತೆ ಮುತ್ಯಾಲಮ್ಮನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂಡಿ ನೋಡಿದಳು. ಬೇಲಿಯಾಚೆ ನಿಂತಿದ್ದ ಪಕ್ಕದ ಮನೆಯ ಪೆದ್ದಮ್ಮ ಅದನ್ನು ಕಂಡು ಬೆಚ್ಚಿದಳು. ಕುರಿ ಸಾಕುವವಳು ಅವಳು. ದೇವರಿಗೆ ಬಿಟ್ಟ ಟಗರನ್ನು ಹಬ್ಬ ಹತ್ತಿರ ಬಂದಾಗ ಹೀಗೇ ಹಿಂಡಿ ನೋಡುತ್ತಾರೆ.

ಆಮೇಲೆ ಶ್ಯಾಮಲ ಫೋನಿನಲ್ಲಿ ಆಡಿದ್ದೂ ಕಿವಿಗೆ ಬಿತ್ತು. "ಕೊಬ್ಬು ಇನ್ನೂ ಸಾಲ್ದು ಸಾರ್. ಇನ್ನೊಂದೀಟು ದಿನ ತಿನ್ನಿಸ್ತೀನಿ, ಆಮೇಲೆ ಕರ್ಕೊಂಡು ಬತ್ತೀನಿ."

ಅಯ್ಯೋ ಪಾಪ, ಮುತ್ಯಾಲಮ್ಮ! ಕೋಲಾರದ ಮಗಳ ಮನೆಯಲ್ಲಿ ಒಂದಷ್ಟು ದಿನ ಇದ್ದು ಕ್ಯಾಸಂಬಳ್ಳಿಗೆ ಮರಳಿದಾಗ ಕಡ್ಡಿಯಾಗಿದ್ದಳು. ಸುಡುಬಿಸಿಲಲ್ಲೂ ಕತ್ತಿಗೆ ಸೆರಗು ಸುತ್ತಿಕೊಂಡೇ ಇರುತ್ತಿದ್ದಳು. ಹಿಂದೆ ಸೊಸೆಯ ಮೇಲೆ ಹರಿಹಾಯುತ್ತಿದ್ದ ಹೆಂಗಸು ಈಗ ಬಡಿಸಿದ್ದನ್ನೆಲ್ಲ ಮರುಮಾತಿಲ್ಲದೆ ನುಂಗುತ್ತಿದ್ದಳು. ಮುದ್ದೆಗೆ ತುಪ್ಪ, ಸಂಜೆಗೆ ಕಡಲೆಕಾಯಿ ಬೆಲ್ಲ. ಯಾವ ಸೊಸೆ ಅತ್ತೆಗೆ ಸುಮ್ಮನೆ ತುಪ್ಪ ಸುರಿಯುತ್ತಾಳೆ? ಸಾಲದ್ದಕ್ಕೆ, ದೃಷ್ಟಿಗೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರದ ಎಲೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಮನೆ ಕಾಯುವುದನ್ನೇ ಕೀಳುವವಳು ಏನು ಮಾಡಲು ಹೇಸುತ್ತಾಳೆ?

ಬಾಲ್ಯದಿಂದ ಜೊತೆಗಿದ್ದ ಗೆಳತಿ. ಪೆದ್ದಮ್ಮನಿಗೆ ಅನ್ನ ಸೇರಲಿಲ್ಲ.

ಅತ್ತೆ ಸೊಸೆ ಬೆಂಗಳೂರಿಗೆ ಹೊರಟ ಬೆಳಿಗ್ಗೆ ಅವಳೂ ಅದೇ ಬಸ್ಸು ಹತ್ತಿದಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬಂದು ನಿಲ್ಲುತ್ತಿದ್ದಂತೆ ಮುತ್ಯಾಲಮ್ಮನ ಕೈ ಹಿಡಿದೆಳೆದು ಬೊಬ್ಬೆ ಹಾಕಿದಳು.

"ಓಗ್ಬ್ಯಾಡ ಅಕ್ಕಾ! ನಿನ್ನ ಮೇಯ್ಸಿರೋದು ಕೊಯ್ಸೋಕೆ! ಕಿಡ್ನಿ ಮಾರ್ಬಿಡ್ತಾಳೆ!"

ಜನ ಮುತ್ತಿಕೊಂಡರು. ರೈಲಿನ ಕಿಟಕಿಗಳಲ್ಲೆಲ್ಲ ತಲೆಗಳು.

ಶ್ಯಾಮಲ ಮುಖ ತಗ್ಗಿಸಿದಳು. "ಕೊಯ್ಸೋಕೇ ಓಗ್ತಿರೋದು ಪೆದ್ದಮ್ಮಾ. ಅತ್ತೆಗೂ ಗೊತ್ತು."

ಮುತ್ಯಾಲಮ್ಮ ನಿಟ್ಟುಸಿರು ಬಿಟ್ಟು ಸೆರಗು ಸರಿಸಿದಳು. ಕತ್ತಿನ ಚರ್ಮ ಕಪ್ಪಗೆ ಸೀದು ಬಿಗಿದುಕೊಂಡಿತ್ತು. ಅದರ ಮೇಲೆ ಲೋಳೆಸರದ ರಸ ಹೊಳೆಯುತ್ತಿತ್ತು.

"ಮಗಳ ಮನೇಲಿದ್ದಾಗ ಗಂಟ್ಲಲ್ಲಿ ಕ್ಯಾನ್ಸರ್ ಅಂತ ಆಸ್ಪತ್ರೇಲಿ ಕರೆಂಟ್ ಇಟ್ಟು ಸುಟ್ರು ಕಣೇ. ನನ್ ಒಟ್ಟೆ ಕೊಬ್ಬಲ್ಲಿ ಜೀವಕೋಶ ಅಂತ ಏನೋ ಐತಂತೆ, ಅದನ್ನ ತೆಗ್ದು ಈ ಸುಟ್ಟ ಚರ್ಮದ ಕೆಳಕ್ಕೆ ಸೂಜೀಲಿ ತುಂಬಿದ್ರೆ ಮೆತ್ತಗಾಯ್ತದಂತೆ. ನಿಂಗೇಳಿದ್ರೆ ಊರಿಗೆಲ್ಲ ಡಂಗುರ ಒಡೀತೀಯ ಅಂತ ಮುಚ್ಚಿಟ್ಟಿದ್ದೆ, ಈಗ ನೋಡು, ಇಡೀ ರೈಲಿಗೇ ಒಡ್ದುಬಿಟ್ಟೆ!"