ನೆಲಕ್ಕಿಳಿದ ಪುಸ್ತಕಗಳು

ಮೊದಲ ಪುಸ್ತಕವನ್ನು ನೆಲದ ಮೇಲಿಡಲು ಬಾಗಿದ ಶ್ರೀಶೈಲಪ್ಪನವರು, ಇಡದೆಯೇ ಮತ್ತೆ ನೆಟ್ಟಗಾದರು. ಕೆಳಗೆ ಜಮಖಾನೆ ಹಾಸಿಯಾಗಿತ್ತು. ಅದನ್ನು ಅವರೇ ಹಿಂದಿನ ದಿನ ಮನೆಗೆ ಒಯ್ದು ಒಗೆಸಿ ತಂದಿದ್ದರು. ಆದರೂ ನೆಲ ನೆಲವೇ.

“ಇದೊಂದು ನನ್ನ ಕಡಿಂದ ಆಗಂಗಿಲ್ಲ ತಂಗಿ,” ಎಂದರು. “ಬ್ಯಾರೇದವ್ರನ್ನ ನೋಡ್ಕೊಳ್ರಿ ಅಂತ ಸಾಹೇಬ್ರಿಗೆ ಹೇಳಿಬಿಡು.”

ತಂಗಿ ಎಂದದ್ದು ಸಿಂದಗಿಯ ಶಾಲೆಯೊಂದರ ಗ್ರಂಥಪಾಲಕಿ ನಿಷತಳನ್ನು. ಬಾಗೇವಾಡಿಯ ಹೈಸ್ಕೂಲಿನ ಪುಸ್ತಕ ನೋಡಿಕೊಳ್ಳುವ ಇವರೂ, ಅವಳೂ ಧಾರವಾಡದ ತರಬೇತಿಯಲ್ಲಿ ಕೂಡಿ ಕಲಿತವರು. ಅಲ್ಲಿ ಇವರ ಮಾತಿನ ರೀತಿ ಕೇಳಿದ ಮೇಲಿನವರು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಶಾಲಾ ಗ್ರಂಥಪಾಲಕರಿಗೆ ಇನ್ನು ಮುಂದೆ ಅಲ್ಲಲ್ಲಿಗೇ ಹೋಗಿ ಇವರೇ ಕಲಿಸಲಿ ಎಂದು ಮನಸ್ಸು ಮಾಡಿದ್ದರು. ಅದಕ್ಕೂ ಮೊದಲು, ಕಲಿತದ್ದನ್ನು ತಮ್ಮ ಶಾಲೆಯಲ್ಲಿ ಒಮ್ಮೆ ಮಾಡಿ ತೋರಿಸಬೇಕು. ಪುಸ್ತಕಗಳನ್ನು ನೆಲದ ಮೇಲೆ ಹರವಿ, ಮೆಚ್ಚಿದ್ದನ್ನು ಎತ್ತಿ ನೋಡಲೆಂದು ಮಕ್ಕಳನ್ನು ಅವುಗಳ ನಡುವೆ ಬಿಡಬೇಕು. ನೋಡಲು ವಿಜಾಪುರದಿಂದ ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಈ ಸುದ್ದಿ ತಿಳಿದ ದಿನ ಶ್ರೀಶೈಲಪ್ಪನವರು ಎಸ್‌ಟಿಡಿ ಬೂತಿನಿಂದ ಸಿಂದಗಿಗೆ ಫೋನ್ ಮಾಡಿ, ಸಂತೋಷಕ್ಕೆ ಬಾಯಿ ಕಟ್ಟಿ, ನಿಮ್ಮ ಕಡೆ ಮಳೆ ಆತೇನು ಎಂದಷ್ಟೇ ಕೇಳಿ ಇಟ್ಟಿದ್ದರು. ನಿಷತ ಅದನ್ನು ಮರೆತಿರಲಿಲ್ಲ. ಕೈಜೋಡಿಸಲೆಂದು ಬೆಳಗಿನ ಬಸ್ಸಿಗೇ ಬಂದಿದ್ದಳು.

“ಪುಸ್ತಕ ಅಂದ್ರ ಹಿರ್ಯಾರ ಮಾತು,” ಎಂದರು ಅವರು. “ಮಾತಾಡೋರ್ನ ಗದ್ದಿಗಿ ಮ್ಯಾಲ ಕುಂದ್ರಸ್ತಾರೋ, ಮಂದಿ ಕಾಲಾಗ ಕುಂದ್ರಸ್ತಾರೋ?”

“ನಮ್ಮ ಮನ್ಯಾಗೂ ಹಂಗ ಐತ್ರಿ ಅಣ್ಣಾರ. ನಮ್ಮ ಅಜ್ಜಿ ನನ್ನ ಗಣಿತದ ಪುಸ್ತಕ ಸೈತ ನೆಲಕ್ಕ ಇಡಾಕ ಬಿಡ್ತಿರ್ಲಿಲ್ಲ. ಆದ್ರ ನಿಮ್ಮ ಕಪಾಟಿನ್ಯಾಗ ಅವುಗಳ ಬೆನ್ನಷ್ಟ ಕಾಣ್ತಾವ. ಮಾರಿ ನೋಡದನ ಯಾರ ಮಾತಾಡಸ್ತಾರ್ರಿ?”

ಶ್ರೀಶೈಲಪ್ಪನವರು ಕಪಾಟಿನ ಕಡೆ ತಿರುಗಿದರು. ಗಾಜಿನ ಕಪಾಟಿನ ಮುಂದೆ ನಿಂತು, ಬೀಗದ ಕಡೆಗೊಮ್ಮೆ ತಮ್ಮ ಕಡೆಗೊಮ್ಮೆ ನೋಡಿ ಸುಮ್ಮನೆ ಹೊರಟುಹೋಗುವ ಮಕ್ಕಳನ್ನು ಅವರು ದಿನವೂ ಕಂಡವರೇ. ನಿದ್ದೆ ಹತ್ತಿದ ಕೂಸನ್ನು ಹಾಸಿಗೆಗೆ ಹಾಕುವ ಹಾಗೆ ಒಂದೊಂದೇ ಪುಸ್ತಕವನ್ನು ಇಳಿಸಿದರು. ನಡುವೆ ಹಾದಿಯನ್ನು ಎಷ್ಟು ದೊಡ್ಡದಾಗಿ ಬಿಟ್ಟರೆಂದರೆ, ಇದು ನಮ್ಮ ಸಿಂದಗಿ ರೋಡಿಗಿಂತ ಅಗಲ ಆತು ಎಂದು ನಿಷತ ನಕ್ಕಳು.

ಎಂಟನೆಯ ತರಗತಿಯ ಮಕ್ಕಳು ಕಾಲು ತೊಳೆದುಕೊಂಡು ಬಾಗಿಲಲ್ಲಿ ಸಾಲಾಗಿ ನಿಂತರು. ಕಾಲು ನೋಡಿ ಇಡಬೇಕು, ಪುಸ್ತಕಕ್ಕೆ ತಾಗಬಾರದು ಎಂದು ಶ್ರೀಶೈಲಪ್ಪನವರು ಹೇಳಿದರು. ಅಷ್ಟಕ್ಕೇ ಬಿಡದೆ ಮತ್ತೊಮ್ಮೆ ಹೇಳಿದರು. ಮಕ್ಕಳು ಹೇಳಿದ ಹಾಗೆಯೇ ಮಾಡಿದರು. ಕೈಕಟ್ಟಿ, ತಮ್ಮ ತಮ್ಮ ಹೆಬ್ಬೆರಳಿನ ಮೇಲೆ ಕಣ್ಣು ನೆಟ್ಟು, ಗುಡಿ ಸುತ್ತಿದ ಹಾಗೆ ಸುತ್ತಿ ಆಚೆ ಬಾಗಿಲಿನಿಂದ ಹೊರಗೆ ಹೋದರು. ಒಬ್ಬರೂ ಒಂದೂ ಪುಸ್ತಕದ ಕಡೆಗೆ ನೋಡಲಿಲ್ಲ. ನಿಷತ ಅವರನ್ನು ಕರೆದು ಮತ್ತೆ ಒಳಗೆ ಬಿಟ್ಟಳು. ಮತ್ತೆ ಅದೇ.

ಶ್ರೀಶೈಲಪ್ಪನವರು ಸ್ಟೂಲಿನ ಮೇಲೆ ಕುಸಿದು ಕೂತರು. “ನಾ ಹೇಳ್ಳಿಲ್ಲೇನ ತಂಗಿ, ನನ್ನ ಕಡಿಂದ ಆಗಂಗಿಲ್ಲ ಅಂತ.” ಬೆಳಿಗ್ಗೆ ಇದೇ ಮಾತನ್ನು ಹಟದಿಂದ ಆಡಿದ್ದರು. ಈಗ ಅದರಲ್ಲಿ ಹಟವಿರಲಿಲ್ಲ. ನಿಷತ ಗೋಡೆಯ ಗಡಿಯಾರ ನೋಡಿದಳು. ಬಸ್ಸು ಬರುವ ಹೊತ್ತಾಗಿತ್ತು.

ಇನ್ನೂ ಸುತ್ತುತ್ತಿದ್ದ ಸಾಲಿನ ನಡುವೆ ಇದ್ದವಳು ಇಂಗಳೇಶ್ವರದಿಂದ ಬರುವ ಹನಮವ್ವ. ಹಿಂದಿನ ಹುಡುಗ ನೂಕಿದನೋ, ತಾನೇ ತಡವರಿಸಿದಳೋ, ಅವಳ ಕಾಲು ಒಂದು ಪುಸ್ತಕದ ಅಂಚಿಗೆ ತಾಗಿತು. ಶ್ರೀಶೈಲಪ್ಪನವರು ಅರ್ಧ ಎದ್ದರು. ಅವಳು ಅವರ ಕಡೆ ಅಳುಮೋರೆ ಮಾಡಿ ನೋಡಿ, ತಟ್ಟನೆ ಬಾಗಿ, ಪುಸ್ತಕವನ್ನು ಎರಡೂ ಕೈಯಿಂದ ಎತ್ತಿ, ಬಲಗಣ್ಣಿಗೆ ಒತ್ತಿಕೊಂಡಳು, ಎಡಗಣ್ಣಿಗೆ ಒತ್ತಿಕೊಂಡಳು. ಕಣ್ಣಿನಿಂದ ಇಳಿಸುವಾಗ ಅದರ ಮುಖಪುಟ ಅವಳ ಮುಖಕ್ಕೆ ನೇರವಾಗಿತ್ತು. ಒಂಟೆಯ ಬೆನ್ನ ಮೇಲೆ ಕೊಡೆ ಹಿಡಿದು ಕೂತ ಒಂದು ಕೋಳಿ. ಹನಮವ್ವ ಅದನ್ನು ನೋಡಿದಳು. ತುಟಿ ಅಲುಗಿತು. ಒಂದು ಹಾಳೆ ತಿರುವಿದಳು, ಇನ್ನೊಂದು ತಿರುವಿದಳು, ಆಮೇಲೆ ಹಾದಿಯ ನಡುವೆಯೇ ಕೂತುಬಿಟ್ಟಳು.

ಅವಳನ್ನು ಬಳಸಿ ಹೋಗಲು ಹೋದ ಹುಡುಗನ ಕಾಲು ಮತ್ತೊಂದಕ್ಕೆ ತಾಗಿತು. ಅವನೂ ಬಾಗಿದ. ಮೊದಲು ಕಣ್ಣು, ಆಮೇಲೆ ಹಾಳೆ. ಅವನೂ ಕೂತ.

ಶ್ರೀಶೈಲಪ್ಪನವರು ಪೂರ್ತಿ ಎದ್ದು, ಕೂತವರ ಹತ್ತಿರಕ್ಕೆ ಬಂದರು. ಸಾಹೇಬರು ಬಂದರೆಂದು ಹೊರಗೆ ಯಾರೋ ಹೇಳಿದ್ದು ಕೇಳಿಸಿತು. ಏನ್ ಹೇಳ್ಲಿ ಅವರಿಗೆ ಎಂದು ನಿಷತ ಮೆಲ್ಲಗೆ ಕೇಳಿದಳು.

“ಮುದ್ದೇಬಿಹಾಳದಾಗ ಜಮಖಾನಿ ಸಿಗ್ತಾವೋ, ಇಲ್ಲಿಂದನ ಒಯ್ಬೇಕೋ?” ಎಂದರು ಶ್ರೀಶೈಲಪ್ಪನವರು.

ಹಾಗೆನ್ನುತ್ತಲೇ ಹಾದಿಯ ಅಂಚಿನಲ್ಲಿ ಮೊಳಕಾಲೂರಿದರು. ಪಕ್ಕದ ಪುಸ್ತಕವೊಂದನ್ನು ಎತ್ತಿಕೊಂಡರು. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮನಸ್ಸಿನಲ್ಲಿಯೇ ಏನೋ ಹೇಳಿಕೊಂಡು, ಮಕ್ಕಳು ಕಾಲಿಡುವಲ್ಲಿಗೇ, ಹಾದಿಯ ನಟ್ಟನಡುವಿಗೆ ಸರಿಸಿದರು. ಆಮೇಲೆ ಇನ್ನೊಂದನ್ನು ಎತ್ತಿಕೊಂಡರು.