ಹಿಂದೆಂದೂ ಕೆಂಪಲ್ಲ

“ಈ ಕ್ಷಣದಿಂದ ನೀನು ಕೆಂಪಯ್ಯ ಅಲ್ಲ, ಗೊತ್ತಾಯ್ತಾ?” ಎಂದರು ಲೈಬ್ರೇರಿಯನ್ ಅನಂತಪದ್ಮನಾಭಯ್ಯ.

ಜವಾನ ಕೆಂಪಯ್ಯ ಬೆವರಿದ. ಅದೆಂಥ ಬೆವರು! ಹರಿಯಲು ಬಿಟ್ಟಿದ್ದರೆ ಕುಕ್ಕರಹಳ್ಳಿ ಕೆರೆ ಕೋಡಿ ಬೀಳುತ್ತಿತ್ತು.

ಅದು ೧೯೫೩. ಮೈಸೂರಿನಲ್ಲಿ ಅಮೆರಿಕದವರು ನಡೆಸುತ್ತಿದ್ದ ವಾಚನಾಲಯ. ಅವರ ದೇಶದಲ್ಲಿ ಆಗ ಕೆಂಪರ ಬೇಟೆ, ಕೆಂಪರೆಂದರೆ ಕಮ್ಯುನಿಸ್ಟರು. ಅಲ್ಲಿ ಅಧಿಕಾರದಲ್ಲಿದ್ದವನೊಬ್ಬ ಹೆಸರಿನ ಪಟ್ಟಿ ಹಿಡಿದು ಅಲ್ಲಾಡಿಸಿದರೆ ಸಾಕು, ಮೇಷ್ಟರು, ನಟರು, ದೊಡ್ಡ ದೊಡ್ಡ ಆಫೀಸರುಗಳೇ ತರಗೆಲೆಯಂತೆ ಉದುರುತ್ತಿದ್ದರು. ಆ ಗಾಳಿ ಏಳು ಸಮುದ್ರ ದಾಟಿ ಇಲ್ಲಿಗೂ ಬೀಸಿತ್ತು. ನಾಳೆ ಮದರಾಸಿನಿಂದ ತನಿಖೆಗೆ ಒಬ್ಬ ಅಮೆರಿಕದ ದೊರೆ ಬರುವವನಿದ್ದ.

“ಕೆಂಪು ಅಂತ ವಾಸನೆ ಬಂದರೂ ಕಿತ್ತಾಕ್ತಾರೆ ಕಣೋ. ನಿನ್ನ ಹೆಸರಲ್ಲೇ ಇದೆಯಲ್ಲೋ!”

“ಅದು ನಮ್ಮ ತಾತನ ಹೆಸರು ಸ್ವಾಮಿ. ನಾನೇನು ಇಟ್ಕಂಡದ್ದಾ?”

“ದೊರೆಗೆ ಅದನ್ನ ಇಂಗ್ಲಿಷಲ್ಲಿ ನೀನೇ ಹೇಳ್ತೀಯಾ?”

ಕೆಂಪಯ್ಯ ಹೊಸ ಹೆಸರಿಗೆ ಒಪ್ಪಿದ. ಮನೆಯಲ್ಲಿ ಹೆಂಡತಿ ಶಿವನಂಜಮ್ಮ ತುಂಬು ಗರ್ಭಿಣಿ. ಈ ಕೆಲಸ ಹೋದರೆ ಬೇರೆ ಗತಿಯಿಲ್ಲ. ಹಾಜರಿ ಪುಸ್ತಕದಲ್ಲಿ ಹೊಸ ಜವಾನ ಹುಟ್ಟಿದ: ಚೆಲುವರಾಜು. ಹಿಂದೊಮ್ಮೆ ವಾಚನಾಲಯಕ್ಕೆ ಬೆಂಕಿ ಬಿದ್ದಾಗ ಮೂರು ಲಕ್ಷ ಪುಸ್ತಕ, ಹೋಗಲಿ ಮುನ್ನೂರು ಅನ್ನಿ, ಹೊತ್ತು ಉಳಿಸಿದ್ದಕ್ಕೆ ಕೆಂಪಯ್ಯ ಎಂಬ ಹೆಸರಿಗೆ ಮದರಾಸಿನಿಂದ ಬಂದಿದ್ದ ಮೆಚ್ಚುಗೆ ಪತ್ರವನ್ನು ಅವನು ಗೋಡೆಯಿಂದ ಇಳಿಸಿ ರಾಗಿ ಮಡಕೆಯಲ್ಲಿ ಹೂತಿಟ್ಟ.

ದೊರೆ ಬಂದ. ದೀಪದ ಕಂಬಕ್ಕಿಂತ ಎರಡು ಮೊಳ ಉದ್ದ. ಕೂರುವ ಮೊದಲೇ ಕೇಳಿದ: “ಕೆಂಪಯ್ಯ ಎಲ್ಲಿ?”

“ಕೆಲಸ ಬಿಟ್ಟು ಹೋದ,” ಎಂದರು ಲೈಬ್ರೇರಿಯನ್.

ದೊರೆಯ ಮುಖ ಕಪ್ಪಿಟ್ಟಿತು. ತನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರಿನ ಕೆಳಗೆ ಎರಡು ಗೆರೆ ಎಳೆದ. ಬಾಗಿಲ ಬಳಿ ನಿಂತಿದ್ದ ಜವಾನ ಮೆಲ್ಲಗೆ ಕದದ ಹಿಂದೆ ಸರಿದ.

“ಇವನು?”

“ಹೊಸಬ. ಸೇರಿ ಎರಡು ದಿನ.”

ಪ್ರಮಾಣ ಪತ್ರ ಮುಂದೆ ಬಂತು. ಲೈಬ್ರೇರಿಯನ್ ಕನ್ನಡದಲ್ಲಿ ಓದಿ ಹೇಳಿದರು: ನಾನು ಕೆಂಪಲ್ಲ, ಹಿಂದೆಂದೂ ಕೆಂಪಾಗಿರಲಿಲ್ಲ.

‘ತಾತ, ತಪ್ಪಾಯ್ತು ಕಣಪ್ಪ, ಹೊಟ್ಟೆಗೆ ಹಾಕ್ಕೊಂಬುಡು’ ಎಂದು ಮನಸ್ಸಿನಲ್ಲೇ ಕೈಮುಗಿದು ಅವನು ಚೆಲುವರಾಜು ಎಂದು ರುಜು ಹಾಕಿದ. ದೊರೆ ಅವನ ಮುಖವನ್ನು ಕಣ್ಣು ಮಿಟುಕಿಸದೆ ಒಂದು ಯುಗದಷ್ಟು ಹೊತ್ತು ನೋಡಿ, ಹೊರಟುಹೋದ.

ವಾರದೊಳಗೆ ಮದರಾಸಿನಿಂದ ಕಾಗದ ಬಂತು. ಲೈಬ್ರೇರಿಯನ್ ಒಮ್ಮೆ ಓದಿದರು, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

“ಏನಂತೆ ಸ್ವಾಮಿ? ನಾನು ಉಳಕಂಡ್ನಾ?”

ಅವರು ತಲೆಯೆತ್ತದೆ ಓದಿ ಹೇಳಿದರು: “ಪೂರ್ವಾಪರ ಗೊತ್ತಿಲ್ಲದ ಚೆಲುವರಾಜುವನ್ನು ಇಂದೇ ತೆಗೆದುಹಾಕಿ. ಬೆಂಕಿಯಿಂದ ಪುಸ್ತಕ ಉಳಿಸಿದ ನಂಬಿಕಸ್ಥ ಕೆಂಪಯ್ಯನನ್ನು ಎಲ್ಲಿದ್ದರೂ ಹುಡುಕಿ ಕರೆಸಿ. ಅವನ ಕೈ ಕುಲುಕಲು ಸೋಮವಾರ ನಾನೇ ಬರುತ್ತೇನೆ.”