ಒಬ್ಬರೂ ಸಾಯದ ಆಸ್ಪತ್ರೆ

"ನಮ್ಮಲ್ಲಿ ವರ್ಷಾತು, ಒಬ್ರೂ ಸತ್ತಿಲ್ಲರೀ ಅಕ್ಕಾರ. ಬರೇ ಮಾತಲ್ಲ, ಲೆಕ್ಕ ಐತಿ," ಎಂದಳು ಖಾಸಗಿ ಆಸ್ಪತ್ರೆಯ ಕೌಂಟರಿನ ಹುಡುಗಿ.

ಎದೆನೋವಿನಿಂದ ಒದ್ದಾಡುತ್ತಿದ್ದ ಗಂಡನನ್ನು ಹಿಡಿದು ನಿಂತಿದ್ದ ಕಸ್ತೂರೆವ್ವ ಮೈದುನನ ಕಡೆ ತಿರುಗಿದಳು. "ಕೇಳಿದ್ಯಾ? ನೀ ಹೇಳೂ ಸರಕಾರಿ ಆಸ್ಪತ್ರ್ಯಾಗ ಹ್ವಾದ ತಿಂಗಳ ಇಪ್ಪತ್ತಾರು ಮಂದಿ ಸತ್ತಾರಂತ ಪೇಪರಿನ್ಯಾಗ ಬಂದೈತಿ. ನಿಮ್ಮಣ್ಣ ಬದುಕೂದು ಬ್ಯಾಡೇನು ನಿನಗ?"

"ಅಲ್ಲಿ ಹಾರ್ಟಿನ ಡಾಕ್ಟರ್ ಅದಾರ ವೈನಿ," ಎಂದು ಗೊಣಗಿದ ಮೈದುನ.

ಎರಡು ದಿನ ಎಲ್ಲವೂ ಸುಸೂತ್ರವಾಗಿತ್ತು. ನರ್ಸುಗಳಂತೂ ಬಾಯ್ತುಂಬ "ಅಕ್ಕಾರ, ಅಕ್ಕಾರ" ಎನ್ನುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಗಂಡನಿಗೆ ಮೇಲುಸಿರು ಶುರುವಾಯಿತು. ನರ್ಸು ಓಡಿಬಂದು ಕಾಗದವೊಂದಕ್ಕೆ ಕಸ್ತೂರೆವ್ವನ ಸಹಿ ಹಾಕಿಸಿಕೊಂಡಳು.

"ಏನವ್ವಾ ಇದು?"

"ಡಿಸ್ಚಾರ್ಜ್ ರೀ. ಸರಕಾರಿ ಆಸ್ಪತ್ರೆಗೆ ಒಯ್ರಿ, ಲಗೂನ."

"ಇಂಥಾ ಹೊತ್ತಿನ್ಯಾಗ? ನೀವ ನೋಡ್ರೆವ್ವಾ, ಕೈ ಮುಗೀತೀನಿ!"

"ಆಂಬ್ಯುಲೆನ್ಸ್ ಹೊರಗ ನಿಂತೈತ್ರಿ," ಎಂದ ನರ್ಸು ತಾನೇ ಸ್ಟ್ರೆಚರ್ ನೂಕಿಕೊಂಡು ಹೊರಟಳು.

ಸರಕಾರಿ ಆಸ್ಪತ್ರೆಯೊಳಗೆ ಹೋದ ಹತ್ತೇ ನಿಮಿಷಕ್ಕೆ ಗಂಡನ ಉಸಿರು ನಿಂತಿತು. ಎದೆ ಒತ್ತಿ ಒತ್ತಿ ಸೋತ ಡಾಕ್ಟರು, ಕಸ್ತೂರೆವ್ವನ ಕೈಯಲ್ಲಿದ್ದ ಡಿಸ್ಚಾರ್ಜ್ ಚೀಟಿ ತೆಗೆದುಕೊಂಡು ಓದಿದರು.

"ಇವ್ರನ್ನೂ ಅಲ್ಲಿಂದನ ತಂದ್ರೇನು? ಈ ವಾರ ಅವರು ಹಿಂಗ ಕೊನೇ ಗಳಿಗ್ಯಾಗ ಕಳಿಸಿದ್ದು ಇದು ಐದನೇದು ನೋಡ್ರಿ."

ಡಾಕ್ಟರು ಗಡಿಯಾರ ನೋಡಿ, ತಮ್ಮ ಆಸ್ಪತ್ರೆಯ ಸಾವಿನ ಪುಸ್ತಕವನ್ನು ಎಳೆದುಕೊಂಡರು.